ಓದುಗರ ಪ್ರಶ್ನೆಗೆ ಉತ್ತರ: ಕುದುರೆಮುಖ ಹತ್ತುವ ಮುನ್ನ

ಮಳೆ ಹಿಂದೆ ಸರಿಯುತ್ತಿದ್ದಂತೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಚಾರಣದ ಕುರಿತ ಪತ್ರಗಳು ಬರತೊಡಗಿವೆ. ಅವುಗಳಲ್ಲಿ ಹೆಚ್ಚಿನವು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸಂಬಂಧಿಸಿದವಾದ್ದರಿಂದ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಡಿಸೆಂಬರ್ ಕೊನೆಯ ವಾರದ ರಜೆಯಲ್ಲಿ ಕುಟುಂಬದವರೆಲ್ಲ ಸೇರಿ ಕುದುರೆಮುಖ ಶಿಖರ ಹತ್ತಬೇಕೆಂದಿದ್ದೇವೆ. ನಮ್ಮೊಂದಿಗೆ ಅರವತ್ತು ದಾಟಿದ ಮಾವನವರು ಮತ್ತು ಒಂಬತ್ತು ವರ್ಷದ ಮಗ ಇರುತ್ತಾರೆ. ಹಾಸನದಿಂದ ನಡುರಾತ್ರಿ ಕಾರಿನಲ್ಲಿ ಹೊರಟು, ಬೆಳಿಗ್ಗೆ ಹತ್ತಿ, ಅದೇ ರಾತ್ರಿ ಮನೆ ಸೇರುವ ಯೋಚನೆಯಿದೆ. ಇದಕ್ಕಿಂತ ಎತ್ತರವಾದ ಮುಳ್ಳಯ್ಯನಗಿರಿಯನ್ನು ಎಲ್ಲರೂ ಹತ್ತಿರುವುದರಿಂದ ಇದು ಕಷ್ಟವಾಗಲಾರದು ಎಂದುಕೊಂಡಿದ್ದೇವೆ. ಅನುಮತಿ ಪಡೆಯುವುದು ಹೇಗೆ? ನಮ್ಮ ಯೋಜನೆ ಸರಿಯಾಗಿದೆಯೇ?
— ಓದುಗರೊಬ್ಬರು, ಹಾಸನ

ಉತ್ತರ: ಕೊನೆಯ ಮಾತಿನಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಇಡೀ ಯೋಜನೆ ಅದರ ಮೇಲೆಯೇ ನಿಂತಿದೆ. ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ 1,930 ಮೀಟರ್, ಕುದುರೆಮುಖ 1,894 ಮೀಟರ್ ಎತ್ತರದಲ್ಲಿರುವುದು ನಿಜ. ಆದರೆ ಕಾಲಿಗೆ ಸಮುದ್ರಮಟ್ಟದ ಲೆಕ್ಕ ಗೊತ್ತಾಗುವುದಿಲ್ಲ. ನಡಿಗೆ ಎಲ್ಲಿಂದ ಶುರುವಾಗುತ್ತದೆ ಎಂಬುದಷ್ಟೇ ಅದಕ್ಕೆ ಮುಖ್ಯ. ಮುಳ್ಳಯ್ಯನಗಿರಿಯಲ್ಲಿ ವಾಹನ ಬಹುಪಾಲು ಮೇಲಿನವರೆಗೂ ಹೋಗುವುದರಿಂದ ಉಳಿಯುವುದು ಮೆಟ್ಟಿಲುಗಳ ಏರಿಕೆ ಮಾತ್ರ. ಕುದುರೆಮುಖದಲ್ಲಿ ನಡಿಗೆ ಶುರುವಾಗುವ ಮುಳ್ಳೋಡಿ ಎಂಬ ಹಳ್ಳಿಯಿಂದ ಶಿಖರದವರೆಗೆ ಹೋಗಿಬರುವ ದಾರಿಯೇ 18ರಿಂದ 20 ಕಿ.ಮೀ. ಆಗುತ್ತದೆ. ಅದರಲ್ಲಿ ಹಳ್ಳ ದಾಟಬೇಕು, ಶೋಲಾ ಎನ್ನುವ, ಬೆಟ್ಟದ ಮಡಿಲಿನ ದಟ್ಟ ಕಾಡಿನ ಕತ್ತಲಲ್ಲಿ ಬೇರು ತುಳಿಯಬೇಕು, ನೆರಳೇ ಇಲ್ಲದ ಹುಲ್ಲಿನ ಏಣಿನ (ಬೆಟ್ಟದ ಉದ್ದನೆಯ ನೆತ್ತಿಯಂಚಿನ) ಮೇಲೆ ಬಿಸಿಲಿಗೆ ಬೆನ್ನೊಡ್ಡಬೇಕು. ಆದ್ದರಿಂದ ಮುಳ್ಳಯ್ಯನಗಿರಿಯ ಅನುಭವವನ್ನು ಇಲ್ಲಿ ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ.

ಇನ್ನು ಅನುಮತಿಯ ವಿಷಯ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಕಾಡು ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಸುಮಾರು 600 ಚದರ ಕಿ.ಮೀ. ವ್ಯಾಪಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದರೊಳಗೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ. ಮೊದಲೆಲ್ಲ ಸ್ಥಳದಲ್ಲೇ ಶುಲ್ಕ ಕಟ್ಟಿ ಚೀಟಿ ಪಡೆಯುವ ಪದ್ಧತಿಯಿತ್ತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಗೇ ಮುಗಿಬಿದ್ದ ಮೇಲೆ ಸರ್ಕಾರ ಆ ಪದ್ಧತಿಯನ್ನು ಕೈಬಿಟ್ಟಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ದಿನಾಂಕವನ್ನು ಆರಿಸಿ, ಪ್ರತಿಯೊಬ್ಬರ ಹೆಸರು ಮತ್ತು ಗುರುತಿನ ಚೀಟಿಯ ವಿವರ ಕೊಟ್ಟು ಮುಂಗಡವಾಗಿ ಟಿಕೆಟ್ ಪಡೆಯಬೇಕು. ಒಂದು ಚಾರಣ ಪಥಕ್ಕೆ ದಿನಕ್ಕೆ 300 ಮಂದಿಯೆಂಬ ಮಿತಿ ಹಾಕಿರುವುದರಿಂದ ಡಿಸೆಂಬರ್ ಕೊನೆಯ ವಾರ ಮತ್ತು ಸಾಲು ರಜೆಗಳ ಟಿಕೆಟ್ಟುಗಳು ಬಹಳ ಬೇಗ ಮುಗಿಯುತ್ತವೆ. ಟಿಕೆಟ್ ಕೈಗೆ ಬಂದ ಮೇಲಷ್ಟೇ ವಸತಿ, ವಾಹನ, ರಜೆಯ ಅರ್ಜಿ ಎಲ್ಲವನ್ನೂ ನೋಡಿಕೊಳ್ಳಿ; ಹೋಂಸ್ಟೇಗೆ ಮುಂಗಡ ಕಟ್ಟಿ ಆಮೇಲೆ ಟಿಕೆಟ್ ಸಿಗಲಿಲ್ಲವೆಂದು ಪೇಚಾಡುವವರೇ ಹೆಚ್ಚು. ಸಾಧ್ಯವಾದರೆ ಜನವರಿಯ ಯಾವುದಾದರೂ ಮಂಗಳವಾರವನ್ನೋ ಬುಧವಾರವನ್ನೋ ಆರಿಸಿಕೊಳ್ಳಿ ಎಂಬುದು ನಮ್ಮ ಸಲಹೆ. ಫೆಬ್ರುವರಿ ದಾಟಿದರೆ ಕಾಳ್ಗಿಚ್ಚಿನ ಭಯದಿಂದ ಇಲಾಖೆ ಚಾರಣವನ್ನೇ ನಿಲ್ಲಿಸುವುದುಂಟು.

ನಡುರಾತ್ರಿ ಹೊರಡುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ಮಾರ್ಗವಾಗಿ, ಚಾರಣಕ್ಕೆ ಹತ್ತಿರದ ಪಟ್ಟಣವಾದ ಕಳಸ ನೂರು ಕಿ.ಮೀ.ಗೂ ಹೆಚ್ಚು ದೂರ. ಕೊಟ್ಟಿಗೆಹಾರ ದಾಟಿದ ಮೇಲಂತೂ ಪೂರಾ ತಿರುವುಗಳ ಹಾದಿ. ಬೇಲೂರು ಮತ್ತು ಮೂಡಿಗೆರೆ ತಾಲ್ಲೂಕುಗಳಲ್ಲಿ ಕಾಡಾನೆಗಳು ತೋಟದಿಂದ ತೋಟಕ್ಕೆ ರಸ್ತೆ ದಾಟುವುದು ಸಾಮಾನ್ಯವಾಗಿ ಕತ್ತಲಾದ ಮೇಲೆ ಎಂಬುದು ಆ ಕಡೆಯವರಿಗೆಲ್ಲ ತಿಳಿದದ್ದೇ. ಅದಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ರಾತ್ರಿಯಿಡೀ ನಿದ್ದೆಗೆಟ್ಟು ಕಾರು ಓಡಿಸಿದವರೇ ಹಗಲೆಲ್ಲ ಬೆಟ್ಟ ಹತ್ತಿಳಿದು, ಅದೇ ಸಂಜೆ ಮತ್ತೆ ಸ್ಟಿಯರಿಂಗ್ ಹಿಡಿಯಬೇಕಾಗುತ್ತದೆ. ಹಿಂದಿನ ದಿನ ಬೆಳಕಿರುವಾಗಲೇ ಹೊರಟು ಕಳಸದಲ್ಲೋ ಸಂಸೆಯಲ್ಲೋ ಉಳಿದುಕೊಳ್ಳಿ. ಚಾರಣ ಮುಗಿಸಿದ ರಾತ್ರಿಯೂ ಅಲ್ಲೇ ಇದ್ದು ಮರುದಿನ ಬೆಳಿಗ್ಗೆ ಹೊರಡಿ. ಹೋಗುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲುವುದಕ್ಕೂ ಹೊತ್ತು ಸಿಕ್ಕೀತು.

ಹಲವರು ಎಡವುವ ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ಮೊಬೈಲ್ ನಕ್ಷೆಯಲ್ಲಿ ‘ಕುದುರೆಮುಖ’ ಎಂದಷ್ಟೇ ಹಾಕಿದರೆ ಅದು ನಿಮ್ಮನ್ನು ಹಳೆಯ ಗಣಿ ಕಂಪನಿಯ ಟೌನ್‌ಶಿಪ್‌ಗೆ ಕರೆದೊಯ್ಯುವ ಸಂಭವವಿದೆ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತ ಊರು ಅದು. ಶಿಖರದ ಹಾದಿ ಅಲ್ಲಿಂದ ಹೊರಡುವುದಿಲ್ಲ. ನೀವು ತಲುಪಬೇಕಾದದ್ದು ಕಳಸದಿಂದ ಸಂಸೆ ದಾಟಿದ ಮೇಲೆ ಸಿಗುವ ಬಾಳೆಗಲ್. ಅಲ್ಲಿಂದ ಮುಳ್ಳೋಡಿಗೆ ಆರೇಳು ಕಿ.ಮೀ. ಕಲ್ಲುಮಣ್ಣಿನ ರಸ್ತೆಯಿದ್ದು, ಅದರಲ್ಲಿ ನಿಮ್ಮ ಕಾರು ಹೋಗದು. ಸ್ಥಳೀಯರ ಜೀಪುಗಳಿವೆ, ಹೋಂಸ್ಟೇಯವರಿಗೆ ಮೊದಲೇ ಹೇಳಿದರೆ ಜೀಪನ್ನೂ ಮಧ್ಯಾಹ್ನದ ಬುತ್ತಿಯನ್ನೂ ದಾರಿ ತೋರಿಸುವವರನ್ನೂ ಅವರೇ ಹೊಂದಿಸಿಕೊಡುತ್ತಾರೆ. ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ, ಸಂಜೆ ಎಷ್ಟು ಗಂಟೆಗೆ ಎಲ್ಲಿ ಕಾಯಬೇಕೆಂಬುದನ್ನೂ ಆಗಲೇ ತಿಳಿಸಿ. ಮುಳ್ಳೋಡಿಯಲ್ಲಿ ಮೊಬೈಲ್ ಸಿಗ್ನಲ್ಲನ್ನು ನೆಚ್ಚಿಕೊಳ್ಳುವಂತಿಲ್ಲ.

ಈಗ ಹೊತ್ತಿನ ಲೆಕ್ಕಕ್ಕೆ ಬರೋಣ. ಚಾರಣದ ಯೋಜನೆಯನ್ನು ಹೊರಡುವ ಹೊತ್ತಿನಿಂದಲ್ಲ, ಹಿಂದಿರುಗಬೇಕಾದ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು. ಡಿಸೆಂಬರಿನಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಸಂಜೆ ಆರರ ಸುಮಾರಿಗೆ. ಶೋಲಾ ಕಾಡಿನೊಳಗೆ ಅದಕ್ಕೂ ಮುಂಚೆಯೇ ಕತ್ತಲು ಕವಿಯುತ್ತದೆ. ಕತ್ತಲಾಗುವುದರೊಳಗೆ ಎಲ್ಲರೂ ಹೊರಗೆ ಬಂದಿರಬೇಕೆಂಬುದು ಇಲಾಖೆಯ ನಿಯಮವೂ ಹೌದು. ಹಾಗಾಗಿ ಸಂಜೆ ನಾಲ್ಕೂವರೆಗೆ ಮುಳ್ಳೋಡಿಯಲ್ಲಿರಬೇಕೆಂದು ಇಟ್ಟುಕೊಳ್ಳಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಯ್‌ಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವೊಂದು ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಆ ಲೆಕ್ಕದಲ್ಲಿ ಹತ್ತುವುದಕ್ಕೆ ಮೂರೂವರೆ ಗಂಟೆಯಷ್ಟು ಸಾಕು. ಆದರೆ ಅದು ಎಲ್ಲೂ ನಿಲ್ಲದೆ ನಡೆಯುವ ಪಳಗಿದ ಕಾಲುಗಳ ಲೆಕ್ಕ. ಕುಳಿತು ಕೆಲಸ ಮಾಡುವ ನಮ್ಮಂಥವರು ನಾಲ್ಕೂವರೆಯಿಂದ ಐದು ಗಂಟೆ ಇಟ್ಟುಕೊಳ್ಳಬೇಕು, ಇಳಿಯಲು ಮೂರೂವರೆ ಗಂಟೆ. ಬೆಳಿಗ್ಗೆ ಏಳಕ್ಕೆ ಹೆಜ್ಜೆ ಹಾಕಿದರೆ ಹನ್ನೆರಡಕ್ಕೆ ಶಿಖರ. ನಿಮ್ಮ ಗುಂಪು ಎಲ್ಲೇ ಇರಲಿ, ಎಷ್ಟೇ ಹತ್ತಿರವಿರಲಿ, ಹನ್ನೆರಡೂವರೆಗೆ ಹಿಂದಿರುಗುವುದೆಂದು ಹಿಂದಿನ ರಾತ್ರಿಯೇ ಎಲ್ಲರ ಎದುರು ಗೊತ್ತುಮಾಡಿಕೊಳ್ಳಿ. ‘ಒಂಟಿಮರ’ ಎಂದು ಚಾರಣಿಗರು ಕರೆಯುವ ಜಾಗ ನಿಮಗೆ ಒಳ್ಳೆಯ ಗುರುತು. ಅಲ್ಲಿಗೆ ಬರುವಾಗಲೇ ಗುಂಪಿನಲ್ಲಿ ಯಾರಾದರೂ ಬಸವಳಿದಿದ್ದರೆ ಮುಂದಿನ ಏರಿಕೆಗೆ ಕರೆದೊಯ್ಯಬೇಡಿ, ಏಕೆಂದರೆ ಕಡಿದಾದ ಭಾಗವೆಲ್ಲ ಉಳಿದಿರುವುದು ಅದರಾಚೆಗೆ. ಅಲ್ಲಿ ಸಡಿಲ ಜಲ್ಲಿಕಲ್ಲು ಹತ್ತುವಾಗ ಅಷ್ಟಾಗಿ ಕಾಡದಿದ್ದರೂ ಇಳಿಯುವಾಗ ಹಿಮ್ಮಡಿಯಡಿ ಜಾರುತ್ತದೆ. ಮೊಣಕಾಲು ನೋಯುವುದೂ ಕಾಲು ಹೊರಳುವುದೂ ಹೆಚ್ಚಾಗಿ ಈ ಇಳಿಜಾರಿನಲ್ಲಿಯೇ.

ಮಾವನವರ ವಿಷಯದಲ್ಲಿ ವಯಸ್ಸಿಗಿಂತ ಅಭ್ಯಾಸವನ್ನು ನೋಡಬೇಕು. ದಿನವೂ ತೋಟ ಸುತ್ತುವ ಅರವತ್ತೈದರ ಹಿರಿಯರು ನಗರದ ಮೂವತ್ತರ ತರುಣನಿಗಿಂತ ಸಲೀಸಾಗಿ ಹತ್ತಿಯಾರು. ಹೊರಡುವ ಒಂದೂವರೆ ತಿಂಗಳ ಮೊದಲಿನಿಂದ ವಾರದಲ್ಲಿ ನಾಲ್ಕು ದಿನ ಒಂದು ಗಂಟೆ ಬಿರುಸಾಗಿ ನಡೆಯಲಿ, ರಜಾದಿನದಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಹತ್ತುಹನ್ನೆರಡು ಕಿ.ಮೀ. ನಡೆದು ನೋಡಲಿ. ಮರುದಿನ ಮಾಮೂಲಿನಂತೆ ಓಡಾಡಲು ಸಾಧ್ಯವಾದರೆ ಬರಬಹುದು. ರಕ್ತದೊತ್ತಡ, ಹೃದಯ ಅಥವಾ ಮೊಣಕಾಲಿನ ತೊಂದರೆಯಿದ್ದರೆ ವೈದ್ಯರನ್ನು ಕೇಳದೆ ಹೊರಡುವುದು ಬೇಡ. ಒಂಬತ್ತು ವರ್ಷದ ಹುಡುಗನನ್ನು ಇಷ್ಟು ದೂರ ನಡೆಸುವುದು ನಮಗಂತೂ ಒಪ್ಪಿತವಲ್ಲ. ದಣಿದ ಮಗುವನ್ನು ಹೊತ್ತು ಇಳಿಯುವ ಹಾದಿ ಅದಲ್ಲ. ಹುಡುಗನೂ, ಅಷ್ಟು ನಡೆಯಲಾಗದಿದ್ದರೆ ಮಾವನವರೂ ಒಬ್ಬ ದೊಡ್ಡವರ ಜೊತೆ ಹೊರನಾಡು ಅನ್ನಪೂರ್ಣೇಶ್ವರಿ, ಕಳಸೇಶ್ವರ ದೇವಸ್ಥಾನ, ಸಂಸೆಯ ಚಹಾ ತೋಟ ನೋಡಿಕೊಂಡು ಸಂಜೆ ನಿಮ್ಮನ್ನು ಕೂಡಿಕೊಳ್ಳಲಿ. ಎಲ್ಲರೂ ಒಟ್ಟಿಗೇ ನಡೆಯಬೇಕೆಂಬ ಆಸೆಯಿದ್ದರೆ ಇದೇ ಉದ್ಯಾನದ ಕುರಿಂಜಾಲ್ ಗುಡ್ಡ ಇನ್ನೂ ಒಳ್ಳೆಯ ಆಯ್ಕೆ. ಭಗವತಿ ಪ್ರಕೃತಿ ಶಿಬಿರದ ಕಡೆಯಿಂದ ಹೋಗುವ ಆ ಹಾದಿ ಗಿಡ್ಡದು, ಏರಿಕೆಯೂ ಸೌಮ್ಯ. ಅದಕ್ಕೂ ಮುಂಗಡ ಅನುಮತಿ ಬೇಕು.

ಪ್ರಶ್ನೆ: ಜುಲೈ ತಿಂಗಳ ಹಸಿರನ್ನು ನೋಡಲು ಮಳೆಯಲ್ಲೇ ಹೋಗಬೇಕೆಂದು ಗೆಳೆಯರು ಒತ್ತಾಯಿಸುತ್ತಾರೆ. ಉಂಬಳಗಳ (ಜಿಗಣೆಗಳ) ಕಾಟ ಬಹಳವಂತೆ. ಏನು ಮಾಡಬೇಕು?
— ಕಾಲೇಜು ವಿದ್ಯಾರ್ಥಿ, ಅರಸೀಕೆರೆ

ಉತ್ತರ: ನಿಮ್ಮ ಊರಿನ ಮಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕುದುರೆಮುಖದ ಮಳೆಯನ್ನು ಊಹಿಸಲಾಗದು. ಅಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆಯಾಗುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಬೆಳಿಗ್ಗೆ ಮೊಣಕಾಲುದ್ದ ನೀರಿದ್ದ ಹಳ್ಳ ಮೇಲ್ಗಡೆ ಮಳೆ ಬಿದ್ದರೆ ಮಧ್ಯಾಹ್ನ ದಾಟಲಾಗದಂತೆ ತುಂಬಿ ಬರುತ್ತದೆ, ಹಿಂದಿರುಗುವ ದಾರಿಯಲ್ಲೂ ಅದೇ ಹಳ್ಳ ಸಿಗುತ್ತದೆಂಬುದನ್ನು ಮರೆಯಬಾರದು. ಹಸಿರೇ ಬೇಕೆಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರಿನವರೆಗೆ ಹೋಗಿ. ಹುಲ್ಲು ಇನ್ನೂ ಒಣಗಿರುವುದಿಲ್ಲ, ಆಕಾಶ ತಿಳಿಯಾಗಿರುವ ದಿನ ಶಿಖರದಿಂದ ಅರಬ್ಬಿ ಸಮುದ್ರದ ಅಂಚು ಕಾಣುವುದೂ ಉಂಟು. ಜುಲೈಯಲ್ಲಿ ಮೇಲೆ ನಿಂತರೆ ಕಾಣುವುದು ಬಿಳಿ ಮಂಜು, ಅಷ್ಟೇ.

ಉಂಬಳ ಪ್ರಾಣಕ್ಕೆ ಅಪಾಯ ತರುವುದಿಲ್ಲ, ಕಾಟ ಕೊಡುತ್ತದೆ. ಉದ್ದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದು ಕಟ್ಟಿ, ಅದರ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ನಶ್ಯವನ್ನೋ ಸುಣ್ಣವನ್ನೋ ಹಚ್ಚಿಕೊಳ್ಳುವುದು ಮಲೆನಾಡಿನ ತೋಟಗಳಲ್ಲಿ ಕೆಲಸ ಮಾಡುವವರ ರೂಢಿ. ಮಳೆಯಲ್ಲಿ ಅದು ತೊಳೆದುಹೋಗುವುದರಿಂದ ಮತ್ತೆ ಮತ್ತೆ ಹಚ್ಚಬೇಕು. ಕಚ್ಚಿದ್ದನ್ನು ಕಂಡಾಗ ಗಾಬರಿಯಿಂದ ಹಿಡಿದೆಳೆಯುವ ಬದಲು ಅದು ಕಚ್ಚಿಕೊಂಡ ಬಾಯಿಯ ಬುಡಕ್ಕೆ ಉಗುರು ತಾಗಿಸಿ ಪಕ್ಕಕ್ಕೆ ಸರಿಸಿದರೆ ಬಿಟ್ಟುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವನ್ನು ಅದು ಗಾಯದೊಳಕ್ಕೆ ಬಿಟ್ಟಿರುವುದರಿಂದ ಬಹಳ ಹೊತ್ತು ಸೋರುತ್ತದೆ. ತೊಳೆದು, ಬಟ್ಟೆಯಿಂದ ಒತ್ತಿಹಿಡಿದರೆ ಸಾಕು.

ಪ್ರಶ್ನೆ: ಮಗಳು ಜನವರಿಯಲ್ಲಿ ಸಹಪಾಠಿಗಳೊಂದಿಗೆ ಚಾರಣಕ್ಕೆ ಹೊರಟಿದ್ದಾಳೆ. ಅದೇ ಸಮಯದಲ್ಲಿ ಮಂಗನ ಕಾಯಿಲೆಯ ಸುದ್ದಿ ಕೇಳಿ ಭಯವಾಗುತ್ತಿದೆ. ಕಳುಹಿಸಬಹುದೇ?
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ, ಹಾಗೆಂದು ಪ್ರವಾಸವನ್ನೇ ನಿಲ್ಲಿಸಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ವೈರಸ್ ಕಾಯಿಲೆ ಸಾಮಾನ್ಯವಾಗಿ ಮಂಗಗಳಿಂದ ನೇರವಾಗಿ ಬರುವುದಲ್ಲ. ಉಣುಗು ಎಂಬ ರಕ್ತ ಹೀರುವ ಚಿಕ್ಕ ಹುಳ ಕಚ್ಚುವುದರಿಂದ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ, ಏಕೆಂದರೆ ಮರಿ ಉಣುಗುಗಳು ಕಾಡಿನ ನೆಲದಲ್ಲಿ ಹೆಚ್ಚಾಗುವುದು ಆಗಲೇ. ಎಳ್ಳಿನ ಕಾಳಿಗಿಂತ ಚಿಕ್ಕದಾದ ಅವು ಕಚ್ಚಿದ್ದು ಎಷ್ಟೋ ಬಾರಿ ಗೊತ್ತೇ ಆಗುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಭಾಗಗಳಲ್ಲಿ ಈಚಿನ ವರ್ಷಗಳಲ್ಲಿ ಪ್ರಕರಣಗಳು ಕಂಡಿವೆ.

ಮಗಳಿಗೆ ಇಷ್ಟನ್ನು ಹೇಳಿಕಳುಹಿಸಿ. ಮರದ ನೆರಳಿನಲ್ಲಿ ದರಗಿನ (ಒಣಗಿದ ಎಲೆಗಳ) ಮೇಲೆ ಕೂರುವುದು, ಮಲಗುವುದು ಬೇಡ. ಊಟಕ್ಕೆ ಕೂರುವುದಿದ್ದರೆ ಬಿಸಿಲು ಬಿದ್ದ ಬಂಡೆಯ ಮೇಲೆ ಕೂರಬೇಕು. ತುಂಬುತೋಳಿನ, ತಿಳಿಬಣ್ಣದ ಬಟ್ಟೆ ತೊಟ್ಟರೆ ಹರಿದಾಡುವ ಉಣುಗು ಕಣ್ಣಿಗೆ ಬೀಳುತ್ತದೆ. ಆರೋಗ್ಯ ಇಲಾಖೆ ಮಲೆನಾಡಿನ ಹಳ್ಳಿಗಳಲ್ಲಿ ಹಂಚುವ, ಉಣುಗುಗಳನ್ನು ದೂರವಿಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಬಹುದು. ವಸತಿಗೆ ಮರಳಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಕಂಕುಳು, ಮೊಣಕಾಲಿನ ಸಂದು, ಕಿವಿಯ ಹಿಂಭಾಗ, ಸೊಂಟಪಟ್ಟಿಯ ಜಾಗಗಳನ್ನು ಹುಡುಕಿ ನೋಡಬೇಕು, ತೊಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಬೇಕು. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಚೆಕ್‌ಪೋಸ್ಟಿನಲ್ಲಿ ತಿಳಿಸಬೇಕು. ಸೋಂಕು ತಗುಲಿದ್ದರೆ ಸಾಮಾನ್ಯವಾಗಿ ಮೂರರಿಂದ ಎಂಟು ದಿನದೊಳಗೆ ಹಠಾತ್ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬರುತ್ತವೆ. ಆಗ ಅಂಗಡಿಯ ಮಾತ್ರೆ ನುಂಗಿ ಕಾಯದೆ ಆಸ್ಪತ್ರೆಗೆ ಹೋಗಿ, ‘ಕಾಡಿಗೆ ಹೋಗಿದ್ದೆ’ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಬೇಕು. ಇದಕ್ಕೆ ನಿರ್ದಿಷ್ಟ ಔಷಧವಿಲ್ಲದಿರುವುದರಿಂದ ಬೇಗ ದಾಖಲಾಗಿ ಆರೈಕೆ ಪಡೆಯುವುದೇ ಮುಖ್ಯ.

ಪ್ರಶ್ನೆ: ಶಿಖರದಲ್ಲಿ ಟೆಂಟ್ ಹಾಕಿ ಸೂರ್ಯೋದಯ ನೋಡಲು ಏಕೆ ಬಿಡುವುದಿಲ್ಲ? ನಾವು ಯಾರಿಗೂ ತೊಂದರೆ ಕೊಡುವವರಲ್ಲ.
— ಓದುಗರೊಬ್ಬರು, ಸಕಲೇಶಪುರ

ಉತ್ತರ: ನೀವು ಕೊಡುವವರಲ್ಲದಿರಬಹುದು, ನಿಯಮವನ್ನು ಎಲ್ಲರಿಗೂ ಸೇರಿಸಿ ಮಾಡಬೇಕಾಗುತ್ತದೆ. ಇಲ್ಲಿನ ಬೆಟ್ಟಗಳ ಮೈ ಹುಲ್ಲು, ಮಡಿಲು ಶೋಲಾ ಕಾಡು. ಜನವರಿಯ ಹೊತ್ತಿಗೆ ಒಣಗುವ ಹುಲ್ಲಿಗೆ ಒಂದು ಒಲೆಯ ಕಿಡಿ ತಾಗಿ ಗಾಳಿ ಬೀಸಿದರೆ ಬೆಂಕಿ ಕಾಡಿನ ಅಂಚಿನವರೆಗೂ ಹಬ್ಬುತ್ತದೆ. ಒಮ್ಮೆ ಸುಟ್ಟ ಶೋಲಾ ಮತ್ತೆ ಚಿಗುರುವುದು ಬಹಳ ನಿಧಾನ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲವೂ ಈ ಉದ್ಯಾನದೊಳಗೇ ಇದೆ. ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯವರೆಗೆ ಬಿಡುವುದು ಈ ಹುಲ್ಲು ಮತ್ತು ಕಾಡು. ರಾತ್ರಿಯಾದ ಮೇಲೆ ಕಾಟಿ (ಕಾಡುಕೋಣ), ಕರಡಿ, ಚಿರತೆಗಳು ಓಡಾಡುವ ಜಾಗವೂ ಅದೇ. ಇಷ್ಟರ ಮೇಲೆ, ರಾಷ್ಟ್ರೀಯ ಉದ್ಯಾನದಲ್ಲಿ ಬೆಂಕಿ ಹಚ್ಚುವುದು ವನ್ಯಜೀವಿ ಕಾಯಿದೆಯಡಿ ಶಿಕ್ಷಾರ್ಹ. ಸೂರ್ಯೋದಯ ನೋಡಲೇಬೇಕೆಂದರೆ ಮುಳ್ಳೋಡಿಯ ಹೋಂಸ್ಟೇ ಅಂಗಳದಿಂದ ನೋಡಿ, ಕಾಫಿಯೂ ಸಿಗುತ್ತದೆ.

ಪ್ರಶ್ನೆ: ದುಬಾರಿ ಬೂಟು ಕೊಳ್ಳಲೇಬೇಕೇ? ಚೀಲದಲ್ಲಿ ಏನೇನಿರಬೇಕು?
— ಅಂಗಡಿ ಮಾಲೀಕರು, ಚನ್ನರಾಯಪಟ್ಟಣ

ಉತ್ತರ: ಬೇಕಾಗಿಲ್ಲ. ಅಡಿಯಲ್ಲಿ ಆಳವಾದ ಗೀರುಗಳಿರುವ, ಹಿಮ್ಮಡಿ ಸಡಿಲವಾಗದ ಯಾವ ಬೂಟಾದರೂ ಆದೀತು. ಆದರೆ ಹೊಸದನ್ನು ಅಂದೇ ತೊಟ್ಟು ಬರಬೇಡಿ, ಬೊಬ್ಬೆಯೇಳುತ್ತದೆ. ತಲಾ ಎರಡೂವರೆಯಿಂದ ಮೂರು ಲೀಟರ್ ನೀರು ಹಿಡಿಯುವ ಸ್ಟೀಲ್ ಬಾಟಲಿಗಳಿರಲಿ, ಏಕೆಂದರೆ ಹಳ್ಳಗಳು ಸಿಗುವುದು ಕೆಳಭಾಗದಲ್ಲಿ; ಮೇಲಿನ ಏಣಿನಲ್ಲಿ ನೀರನ್ನು ನೆಚ್ಚುವಂತಿಲ್ಲ. ಬುತ್ತಿಗೆ ಚಿತ್ರಾನ್ನವೋ ಚಪಾತಿಯೋ, ನಡುವೆ ಬಾಯಾಡಿಸಲು ಕಡಲೆ ಮಿಠಾಯಿ, ಬಾಳೆಹಣ್ಣು. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಆರು ಡಿಗ್ರಿಗೂ ಹೆಚ್ಚು ಇಳಿಯುತ್ತದೆ, ಬೆವರಿದ ಮೈಗೆ ಶಿಖರದ ಗಾಳಿ ತಾಗಿದರೆ ನಡುಕ ಬರುತ್ತದೆ. ಒಂದು ಗಾಳಿತಡೆಯುವ ಜಾಕೆಟ್ ಬೇಕೇ ಬೇಕು. ಟಾರ್ಚ್, ಮೂಲ ಗುರುತಿನ ಚೀಟಿ, ದಿನನಿತ್ಯದ ಮಾತ್ರೆಗಳನ್ನು ಮರೆಯಬೇಡಿ. ಚೆಕ್‌ಪೋಸ್ಟಿನಲ್ಲಿ ಚೀಲ ಬಿಚ್ಚಿಸಿ ನೋಡುವುದರಿಂದ ಪ್ಲಾಸ್ಟಿಕ್ ಪೊಟ್ಟಣಗಳನ್ನು ಕೋಣೆಯಲ್ಲೇ ಬಿಟ್ಟುಬನ್ನಿ.

ಪ್ರಶ್ನೆ: ಮಂಜು ಕವಿದು ದಾರಿ ತಪ್ಪಿದರೆ ಹಳ್ಳದ ಜಾಡು ಹಿಡಿದು ಇಳಿದರೆ ಊರು ಸಿಗುತ್ತದೆ ಎನ್ನುತ್ತಾರೆ. ನಿಜವೇ?
— ಶಿಕ್ಷಕರು, ಬೇಲೂರು

ಉತ್ತರ: ಕುದುರೆಮುಖದಲ್ಲಿ ಈ ಮಾತನ್ನು ನಂಬಿದರೆ ಪ್ರಾಣಕ್ಕೇ ಕುತ್ತು. ಶಿಖರದ ಪಶ್ಚಿಮಕ್ಕೆ ಬೆಟ್ಟ ದಕ್ಷಿಣ ಕನ್ನಡದ ಕಡೆಗೆ ಕಡಿದಾಗಿ ಕುಸಿಯುತ್ತದೆ. ಆ ಬದಿಯ ಹಳ್ಳಗಳು ಜಾರುಬಂಡೆ ಮತ್ತು ಜಲಪಾತಗಳ ಮೇಲೆ ಬೀಳುತ್ತವೆ. ಮಂಜು ಬರುವುದೂ ಆ ಕಡೆಯಿಂದಲೇ. ಕಣಿವೆಯಿಂದ ಮೇಲೆದ್ದು ಏಣನ್ನು ದಾಟಿತೆಂದರೆ ಹತ್ತು ಮಾರು ಮುಂದಿರುವವರೂ ಕಾಣುವುದಿಲ್ಲ. ಹುಲ್ಲುಗಾವಲಿನಲ್ಲಿ ದನಗಳೂ ಕಾಟಿಗಳೂ ಮಾಡಿದ ಕವಲುದಾರಿಗಳು ಕಾಲುದಾರಿಯಂತೆಯೇ ತೋರುವುದರಿಂದ ತಪ್ಪುವುದು ಸುಲಭ. ಹಾಗಾದಾಗ ಎಲ್ಲರೂ ಒಂದೆಡೆ ಸೇರಿ ನಿಲ್ಲಿ, ಮಂಜು ಸರಿಯುವವರೆಗೆ ಕಾಯಿರಿ, ನಂತರ ಖಚಿತವಾಗಿ ಗುರುತಿದ್ದ ಕೊನೆಯ ಜಾಗಕ್ಕೆ ಬಂದ ದಾರಿಯಲ್ಲೇ ಹಿಂದಿರುಗಿ. ಹುಡುಕಲೆಂದು ಒಬ್ಬೊಬ್ಬರೇ ಬೇರೆ ದಿಕ್ಕಿಗೆ ಹೋಗಬೇಡಿ. ಸೀಟಿಯೊಂದು ಜೇಬಿನಲ್ಲಿರಲಿ, ಕೂಗಿಗಿಂತ ಅದರ ಸದ್ದು ದೂರಕ್ಕೆ ಕೇಳುತ್ತದೆ. ಸಿಗ್ನಲ್ ಸಿಕ್ಕರೆ 112ಕ್ಕೆ ಕರೆ ಮಾಡಬಹುದು; ಸಿಗದಿರುವ ಸಂಭವವೇ ಹೆಚ್ಚಾದ್ದರಿಂದ ಗುಂಪಿನವರ ಹೆಸರುಗಳನ್ನೂ ಮರಳುವ ಹೊತ್ತನ್ನೂ ಬರೆದ ಚೀಟಿಯನ್ನು ಹೊರಡುವ ಮೊದಲೇ ಹೋಂಸ್ಟೇಯವರಿಗೋ ಜೀಪಿನವರಿಗೋ ಕೊಟ್ಟು, ಆರು ಗಂಟೆಯಾದರೂ ಬಾರದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸುವಂತೆ ಹೇಳಿ ಹೋಗಿ.